ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ: ಎಂಜಿನಿನ ಬಡ ಮಿಶ್ರಣವನ್ನು ಪತ್ತೆಹಚ್ಚುವ ಕ್ರಮ

ಮುಂಬಯಿ, ಪುಣೆ, ಠಾಣೆಗಳಲ್ಲಿ ನೆಲೆಸಿರುವ ನಮ್ಮವರಿಗೆ ಮೋಟಾರು ಗಾಡಿಯೆಂಬುದು ಈಗ ಕೇವಲ ಭೋಗವಸ್ತುವಾಗಿ ಉಳಿದಿಲ್ಲ. ಹೋಟೆಲಿನವರಿಗೆ ಬೆಳಗಿನ ಜಾವ ಮಾರುಕಟ್ಟೆಯಿಂದ ತರಕಾರಿ ತರುವುದಕ್ಕೆ ಅದು ಬೇಕು. ಟ್ಯಾಕ್ಸಿ ನಡೆಸುವವರ ಮನೆಯಲ್ಲಿ ಒಲೆ ಉರಿಯುವುದೇ ಅದರಿಂದ. ನೌಕರಿಯಲ್ಲಿರುವವರಿಗೆ ಮೇ ತಿಂಗಳ ರಜೆಯಲ್ಲಿ ಹೆಂಡಿರುಮಕ್ಕಳೊಡನೆ ಊರು ಸೇರುವುದಕ್ಕೆ ಅದು ಬೇಕು. ಇಂತಹ ಗಾಡಿಯ ಮುಂಭಾಗದ ಫಲಕದಲ್ಲಿ ಒಂದು ದಿನ ಎಂಜಿನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಒಯ್ದರೆ “ಮಿಕ್ಸ್ಚರ್ ಲೀನ್ ಆಗಿದೆ, ಶೇಟ್” ಎಂಬ ಉತ್ತರ ದೊರೆಯುತ್ತದೆ. ಆ ಪುಟ್ಟ ವಾಕ್ಯದ ಬೆನ್ನಿಗೆ ಬರುವ ಬಿಲ್ಲು ಮಾತ್ರ ಪುಟ್ಟದಾಗಿರುವುದಿಲ್ಲ. ಸೆನ್ಸರು ಬದಲಾಯಿಸಿದ್ದೆಷ್ಟು, ಇಂಜೆಕ್ಟರು ತೊಳೆದದ್ದೆಷ್ಟು, ಪಂಪು ಹಾಕಿದ್ದೆಷ್ಟು ಎಂದು ತಿಳಿಯದೆಯೇ ಹಣ ತೆತ್ತು ಬರುವವರು ನಮ್ಮಲ್ಲಿ ಅನೇಕರಿದ್ದಾರೆ. ನಾಲ್ಕು ದಿನಗಳಲ್ಲಿ ದೀಪ ಮತ್ತೆ ಹೊತ್ತಿದಾಗಲೇ ಅವರಿಗೆ ಸಂಶಯ ಹುಟ್ಟುವುದು.

ಈ ಲೀನ್ ಎಂಬುದು ಏನು, ಅದರಿಂದ ಆಗತಕ್ಕ ಹಾನಿಯೇನು, ಅದರ ಮೂಲವನ್ನು ಕ್ರಮವಾಗಿ ಹುಡುಕುವ ಬಗೆ ಹೇಗೆ ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಪ್ರಸ್ತುತ ಉದ್ದೇಶ. ಇದನ್ನು ಓದಿದವರೆಲ್ಲರೂ ಮಿಸ್ತ್ರಿಗಳಾಗುವರೆಂದು ನಾವು ಹೇಳುವುದಿಲ್ಲ. ಆದರೆ ಮಿಸ್ತ್ರಿಯನ್ನು ಸರಿಯಾದ ಪ್ರಶ್ನೆ ಕೇಳಬಲ್ಲವರಾದರೆ ಅದೇ ದೊಡ್ಡ ಲಾಭ.

ಒಲೆಯ ನ್ಯಾಯ, ಎಂಜಿನಿನ ನ್ಯಾಯ

ಎಂಜಿನು ಪೆಟ್ರೋಲನ್ನು ಉಣ್ಣುತ್ತದೆಂದು ನಾವೆಲ್ಲ ಭಾವಿಸುತ್ತೇವೆ. ವಾಸ್ತವವಾಗಿ ಅದು ಉಣ್ಣುವುದರಲ್ಲಿ ಬಹುಪಾಲು ಗಾಳಿಯೇ. ಒಂದು ತೂಕ ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ತೂಕ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿದ ಗಾಳಿ. ಗಾಳಿಯ ಪಾಲು ಇದಕ್ಕಿಂತ ಹೆಚ್ಚಾದರೆ, ಅಥವಾ ಪೆಟ್ರೋಲಿನ ಪಾಲು ಕಡಿಮೆಯಾದರೆ, ಅದನ್ನು ಲೀನ್ ಎನ್ನುತ್ತಾರೆ. ನಾವು ಬಡ ಮಿಶ್ರಣ ಎನ್ನೋಣ. ಪೆಟ್ರೋಲು ಹೆಚ್ಚಾದರೆ ಅದು ರಿಚ್, ಅಂದರೆ ಪುಷ್ಟ ಮಿಶ್ರಣ.

ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರಿಗೆ ಇದು ಹೊಸ ವಿಷಯವಲ್ಲ. ಗ್ಯಾಸಿನ ಭಟ್ಟಿಯಲ್ಲಿ ಗಾಳಿ ಸಾಲದಿದ್ದರೆ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿಯಾಗುತ್ತದೆ. ಗಾಳಿ ಅತಿಯಾದರೆ ಉರಿ ಬರ್ನರಿನಿಂದ ಮೇಲೆದ್ದು ಭುಸುಗುಟ್ಟುತ್ತ, ಒಮ್ಮೆ ಹತ್ತಿ ಒಮ್ಮೆ ಆರುತ್ತದೆ. ಒಳ್ಳೆಯ ಭಟ್ಟರು ಗಾಳಿಯ ಬಾಯನ್ನು ಕೊಂಚ ತಿರುಗಿಸಿ ನೀಲಿ ಉರಿಯನ್ನು ತಂದುಕೊಳ್ಳುತ್ತಾರೆ. ಎಂಜಿನಿನೊಳಗೆ ನಡೆಯುವುದೂ ಇದೇ. ವ್ಯತ್ಯಾಸವೇನೆಂದರೆ, ಒಲೆಯ ಉರಿ ಕಣ್ಣಿಗೆ ಕಾಣುತ್ತದೆ, ಎಂಜಿನಿನ ಉರಿ ಕಾಣುವುದಿಲ್ಲ. ಆದಕಾರಣ ಅದನ್ನು ಲಕ್ಷಣಗಳಿಂದಲೂ ಅಳತೆಗಳಿಂದಲೂ ಊಹಿಸಿ ತಿಳಿಯಬೇಕಾಗುತ್ತದೆ.

ಉದಾಸೀನ ಮಾಡಿದರೆ ಆಗುವುದೇನು?

ಪೆಟ್ರೋಲು ಕಡಿಮೆ ಸುಟ್ಟರೆ ಉಳಿತಾಯವೇ ಅಲ್ಲವೇ ಎಂದು ಕೆಲವರು ಕೇಳುವುದುಂಟು. ಈ ಉಳಿತಾಯ ಬಹಳ ದುಬಾರಿಯಾದುದು. ಪೂರ್ಣ ಭಾರದಲ್ಲಿ, ಅಂದರೆ ಐದು ಜನ ಕುಳಿತು ಸಾಮಾನು ತುಂಬಿ ಘಟ್ಟ ಹತ್ತುವಾಗ, ಎಂಜಿನಿಗೆ 14.7ಕ್ಕೆ ಬದಲಾಗಿ ಸುಮಾರು 12.5 ಅಥವಾ 13 ತೂಕ ಗಾಳಿಗೆ ಒಂದು ತೂಕ ಪೆಟ್ರೋಲು ದೊರೆಯುವಂತೆ ತಯಾರಕರು ಬೇಕೆಂದೇ ಏರ್ಪಡಿಸಿರುತ್ತಾರೆ. ಆ ಹೆಚ್ಚಿನ ಪೆಟ್ರೋಲು ಶಕ್ತಿಯನ್ನು ಕೊಡುವುದಲ್ಲದೆ ಒಳಗಿನ ತಾಪವನ್ನೂ ತಗ್ಗಿಸುತ್ತದೆ. ಅದು ತಪ್ಪಿಹೋದಾಗ ತಾಪವೇರುತ್ತದೆ. ಎಂಜಿನಿನೊಳಗೆ ಕಲ್ಲು ಕುಟ್ಟಿದಂತಹ ನಾಕಿಂಗು ಶಬ್ದ ಹುಟ್ಟುತ್ತದೆ. ಬಡ ಮಿಶ್ರಣ ಮೆಲ್ಲಗೆ ಉರಿಯುವುದರಿಂದ ಹೊಗೆ ಹೊರಬೀಳುವ ವಾಲ್ವು ತೆರೆಯುವ ಹೊತ್ತಿಗೂ ಬೆಂಕಿ ಪೂರ್ತಿ ಆರಿರುವುದಿಲ್ಲ. ವಾಲ್ವಿನ ಅಂಚು ಸುಡುತ್ತದೆ. ಹೀಗೆಯೇ ಬಹುಕಾಲ ಓಡಿಸಿದರೆ ಪಿಸ್ಟನ್ನಿನ ತಲೆಗೂ ಅಪಾಯ ತಪ್ಪದು. ಆಮೇಲೆ ಎಂಜಿನು ಬಿಚ್ಚಿಸುವುದೊಂದೇ ದಾರಿ. ಟ್ಯಾಕ್ಸಿ ನಡೆಸುವವನಿಗೆ ಅದು ಬರೇ ಗ್ಯಾರೇಜಿನ ಖರ್ಚಲ್ಲ, ಹತ್ತಾರು ದಿನಗಳ ಸಂಪಾದನೆಯ ನಷ್ಟ.

ಲಕ್ಷಣಗಳು

ಬಡ ಮಿಶ್ರಣದ ಗುರುತುಗಳನ್ನು ಚಾಲಕನು ತಾನೇ ಕಂಡುಕೊಳ್ಳಬಹುದು. ಬೆಳಗ್ಗೆ ತಣ್ಣಗಿರುವಾಗ ಗಾಡಿ ಬೇಗನೆ ಸ್ಟಾರ್ಟ್ ಆಗದು. ಸಿಗ್ನಲಿನಲ್ಲಿ ನಿಂತಾಗ ಎಂಜಿನು ನಡುಗುತ್ತದೆ, ಅಥವಾ ಅದರ ವೇಗ ತಾನಾಗಿ ಏರಿ ಇಳಿಯುತ್ತದೆ. ಆಕ್ಸಿಲರೇಟರು ತುಳಿದೊಡನೆ ಗಾಡಿ ಮುಂದಕ್ಕೆ ನೆಗೆಯದೆ ಒಂದು ಕ್ಷಣ ತಡವರಿಸಿ ಅನಂತರ ಎಳೆಯುತ್ತದೆ. ಕೆಲವೊಮ್ಮೆ ಗಾಳಿ ಒಳಸೇರುವ ಕಡೆಯಿಂದಲೇ ಪಟ್ಟೆಂದು ಹಿಂದಕ್ಕೆ ಹೊಡೆಯುವ ಸದ್ದು ಕೇಳುತ್ತದೆ. ಕಪ್ಪು ಹೊಗೆಯಾಗಲಿ ಪೆಟ್ರೋಲಿನ ಕಟುವಾಸನೆಯಾಗಲಿ ಇರುವುದಿಲ್ಲ. ಅವು ಪುಷ್ಟ ಮಿಶ್ರಣದ ಗುರುತುಗಳು.

ಹಿಂದೆ ಪ್ಲಗ್ಗು ಬಿಚ್ಚಿ ಅದರ ತುದಿಯ ಬಣ್ಣ ನೋಡುವುದೊಂದು ವಾಡಿಕೆಯಿತ್ತು. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಆರೋಗ್ಯ, ಮಸಿಯಿದ್ದರೆ ಪುಷ್ಟ, ಸುಣ್ಣದಂತೆ ಬೆಳ್ಳಗಿದ್ದರೆ ಬಡ ಎಂದು ಹೇಳುತ್ತಿದ್ದರು. 2000ದಲ್ಲಿ ದೇಶಾದ್ಯಂತ ಸೀಸ ಬೆರೆತ ಪೆಟ್ರೋಲು ನಿಂತಮೇಲೆ ಆರೋಗ್ಯವಂತ ಎಂಜಿನಿನ ಪ್ಲಗ್ಗು ಕೂಡ ಸಾಕಷ್ಟು ಬಿಳಿಚಿಕೊಂಡೇ ಇರುತ್ತದೆ. ಆದುದರಿಂದ ಬಣ್ಣವೊಂದನ್ನೇ ನಂಬಿ ತೀರ್ಪು ಕೊಡುವುದು ಸಲ್ಲದು. ಒಂದು ಸಿಲಿಂಡರಿನ ಪ್ಲಗ್ಗು ಮಾತ್ರ ಉಳಿದವುಗಳಿಗಿಂತ ಬೇರೆಯಾಗಿದ್ದರೆ ಅದು ಗಮನಿಸತಕ್ಕ ಸಂಗತಿ. ದೋಷ ಆ ಒಂದು ಸಿಲಿಂಡರಿನ ಇಂಜೆಕ್ಟರಿನಲ್ಲೋ ಅದರ ಬಳಿಯ ಗ್ಯಾಸ್ಕೆಟ್ಟಿನಲ್ಲೋ ಇರಬಹುದೆಂಬ ಸೂಚನೆ ಅದು.

ಪದ್ಮಿನಿಯ ಕಾಲದ ಪರೀಕ್ಷೆ

ಮುಂಬಯಿಯ ಬೀದಿಗಳಲ್ಲಿ ದಶಕಗಳ ಕಾಲ ಓಡಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. 2023ರ ಅಕ್ಟೋಬರದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಇಪ್ಪತ್ತು ವರ್ಷಗಳ ಅವಧಿಯೂ ತೀರಿ ಆ ಅಧ್ಯಾಯ ಮುಗಿಯಿತು. ಆ ಗಾಡಿಯಲ್ಲಿ ಮಿಶ್ರಣವನ್ನು ಮಾಡುತ್ತಿದ್ದುದು ಕಾರ್ಬುರೇಟರು. ಅದರ ಸಣ್ಣ ರಂಧ್ರದ ಜೆಟ್ಟಿನಲ್ಲಿ ಕಸ ಕುಳಿತರೆ, ಫ್ಲೋಟಿನ ಮಟ್ಟ ಇಳಿದರೆ, ಬುಡದ ಗ್ಯಾಸ್ಕೆಟ್ಟು ಒಡೆದರೆ ಮಿಶ್ರಣ ಬಡವಾಗುತ್ತಿತ್ತು. ಪರೀಕ್ಷೆ ಬಹು ಸುಲಭವಾಗಿತ್ತು: ಬಿಸಿಯಾದ ಎಂಜಿನಿನಲ್ಲಿ ಚೋಕನ್ನು ಸ್ವಲ್ಪ ಎಳೆಯುವುದು. ಚೋಕು ಗಾಳಿಯನ್ನು ತಡೆಯುತ್ತದೆ. ಹಾಗೆ ತಡೆದಾಗ ತಡವರಿಕೆ ನಿಂತು ಗಾಡಿ ಸರಾಗವಾದರೆ ಮಿಶ್ರಣ ಬಡವಾಗಿತ್ತೆಂದು ನಿಶ್ಚಯ. ಗಾಡಿ ಇನ್ನೂ ಹದಗೆಟ್ಟರೆ ದೋಷ ಬೇರೆ ಕಡೆಗೆಂದು ತಿಳಿಯುತ್ತಿದ್ದರು. ಇಂದಿಗೂ ಹಳೆಯ ಗಾಡಿಗಳನ್ನು ಆಸಕ್ತಿಯಿಂದ ಕಾಪಾಡಿಕೊಂಡು ಬಂದವರಿಗೆ ಈ ಪರೀಕ್ಷೆ ಸಲ್ಲುತ್ತದೆ.

ಇಂದಿನ ಗಾಡಿ ಹೇಳುವ ಲೆಕ್ಕ

ಇಂದಿನ ಗಾಡಿಗಳಲ್ಲಿ ಪೆಟ್ರೋಲನ್ನು ಇಂಜೆಕ್ಟರುಗಳು ಸಿಂಪಡಿಸುತ್ತವೆ. ಎಷ್ಟು ಸಿಂಪಡಿಸಬೇಕೆಂಬುದನ್ನು ಕಂಪ್ಯೂಟರು ನಿರ್ಣಯಿಸುತ್ತದೆ. ಹೊಗೆಕೊಳವೆಯಲ್ಲಿ ಕುಳಿತ ಆಮ್ಲಜನಕದ ಸೆನ್ಸರು ಅದಕ್ಕೆ ರುಚಿ ನೋಡಿ ಹೇಳುವ ಭಟ್ಟನಿದ್ದಂತೆ. ಬಾಷ್ ಕಂಪೆನಿಯು ತಯಾರಿಸಿದ ಈ ಸೆನ್ಸರು 1976ರಲ್ಲಿ ವೋಲ್ವೋ ಕಾರಿನಲ್ಲಿ ಮೊದಲು ಬಳಕೆಗೆ ಬಂತು. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿದ್ದರೆ ಸಾಮಾನ್ಯ ಸೆನ್ಸರು 0.1 ವೋಲ್ಟಿನ ಸಮೀಪಕ್ಕೆ ಇಳಿಯುತ್ತದೆ, ಕಡಿಮೆಯಿದ್ದರೆ 0.9ರ ಸಮೀಪಕ್ಕೆ ಏರುತ್ತದೆ. ಸ್ವಸ್ಥ ಎಂಜಿನಿನಲ್ಲಿ ಅದು ಇವೆರಡರ ನಡುವೆ ಸದಾ ಓಲಾಡುತ್ತಿರುತ್ತದೆ.

ಆಮ್ಲಜನಕ ಹೆಚ್ಚೆಂದು ಸುದ್ದಿ ಬಂದಾಗ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತದೆ. ಹೀಗೆ ಹೆಚ್ಚಿಸಿದ ಅಥವಾ ತಗ್ಗಿಸಿದ ಪ್ರಮಾಣಕ್ಕೆ ಫ್ಯೂಯೆಲ್ ಟ್ರಿಮ್ ಎಂದು ಹೆಸರು. ಕ್ಷಣಕ್ಷಣದ ತಿದ್ದುಪಡಿ ಒಂದು, ಬಹುಕಾಲದ ಅನುಭವದಿಂದ ನೆನಪಿನಲ್ಲಿಟ್ಟ ತಿದ್ದುಪಡಿ ಇನ್ನೊಂದು. ಇವೆರಡನ್ನೂ ಕೂಡಿಸಿ ನೋಡಬೇಕು. ಮೊತ್ತ ಸೊನ್ನೆಯ ಆಚೆ ಈಚೆ ಶೇಕಡಾ 10ರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅಧಿಕದ ಕಡೆಗೆ 20, 25ರವರೆಗೆ ಏರಿದಾಗ, ತಿದ್ದುವ ತನ್ನ ಶಕ್ತಿ ಮುಗಿಯಿತೆಂದು ಕಂಪ್ಯೂಟರು ಹಳದಿ ದೀಪ ಹೊತ್ತಿಸಿ ಪಿ 0171 ಎಂಬ ಸಂಕೇತವನ್ನು ಬರೆದಿಡುತ್ತದೆ. ಈ ಸಂಕೇತದ ಅರ್ಥ ಮಿಶ್ರಣ ಬಡವಾಗಿದೆ ಎಂಬುದಷ್ಟೇ. ಸೆನ್ಸರು ಕೆಟ್ಟಿದೆ ಎಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಸುದ್ದಿ ತಂದವನನ್ನೇ ದಂಡಿಸಿದಂತೆ ಅನೇಕ ಗ್ಯಾರೇಜುಗಳು ಮೊದಲು ಬದಲಾಯಿಸುವುದು ಆ ಸೆನ್ಸರನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆಯಿದು.

ಎರಡು ವೇಗಗಳಲ್ಲಿ ಒಂದು ಪರೀಕ್ಷೆ

ಗಾಡಿಯ ಸ್ಟಿಯರಿಂಗಿನ ಕೆಳಗಿರುವ ಕಿಂಡಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಟ್ರಿಮ್ ಓದುವ ಸಣ್ಣ ಉಪಕರಣ ಇಂದು ಸಾವಿರ ರೂಪಾಯಿಗಳೊಳಗೆ ದೊರೆಯುತ್ತದೆ. ಎಂಜಿನು ಚೆನ್ನಾಗಿ ಬಿಸಿಯಾದ ಮೇಲೆ ಎರಡು ಸಲ ಓದಬೇಕು: ಆಕ್ಸಿಲರೇಟರು ಮುಟ್ಟದೆ ನಿಂತಲ್ಲಿ ಓಡುವಾಗ ಒಮ್ಮೆ, ನಿಮಿಷಕ್ಕೆ 2500 ಸುತ್ತುಗಳಲ್ಲಿ ಹಿಡಿದಿಟ್ಟು ಇನ್ನೊಮ್ಮೆ.

ನಿಂತಲ್ಲಿ ಟ್ರಿಮ್ ಬಹಳ ಏರಿದ್ದು, 2500ರಲ್ಲಿ ಹೆಚ್ಚುಕಡಿಮೆ ಸರಿಯಾದರೆ, ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಸುಳುತ್ತಿದೆ ಎಂದರ್ಥ. ನಿಂತಾಗ ಎಂಜಿನು ಸೇದುವ ಗಾಳಿ ಸ್ವಲ್ಪ; ಅದರಲ್ಲಿ ಸೋರಿಕೆಯ ಪಾಲು ದೊಡ್ಡದು. ವೇಗವೇರಿದಾಗ ಸೇದುವ ಗಾಳಿ ಅಪಾರ. ಸೋರಿಕೆ ಅದರಲ್ಲಿ ಕರಗಿಹೋಗುತ್ತದೆ.

ಇದಕ್ಕೆ ವಿರುದ್ಧವಾಗಿ ನಿಂತಲ್ಲಿ ಎಲ್ಲವೂ ಸರಿಯಿದ್ದು, ವೇಗವೂ ಭಾರವೂ ಏರಿದಂತೆ ಟ್ರಿಮ್ ಏರಿದರೆ, ಪೆಟ್ರೋಲು ಸಾಲುತ್ತಿಲ್ಲ ಎಂದು ತಿಳಿಯಬೇಕು. ಸೋತ ಪಂಪು, ಕಟ್ಟಿಕೊಂಡ ಫಿಲ್ಟರು ಮುಖ್ಯ ಸಂಶಯಿತರು. ಗಾಳಿಯನ್ನು ಅಳೆಯುವ ಸೆನ್ಸರಿಗೆ ಧೂಳು ಕಟ್ಟಿ ಅದು ಇರುವುದಕ್ಕಿಂತ ಕಡಿಮೆ ಗಾಳಿಯನ್ನು ವರದಿ ಮಾಡುತ್ತಿದ್ದರೂ ಹೀಗಾಗಬಹುದು. ಖಂಡಾಲದ ಘಾಟಿನಲ್ಲಿ ಮಾತ್ರ ಸುಸ್ತಾಗುವ ಗಾಡಿ ಬಹುತೇಕ ಈ ವರ್ಗಕ್ಕೆ ಸೇರಿದ್ದು. ಎಲ್ಲ ವೇಗಗಳಲ್ಲಿಯೂ ಟ್ರಿಮ್ ಸಮನಾಗಿ ಏರಿದ್ದರೆ ಪೆಟ್ರೋಲಿನ ಒತ್ತಡ, ಇಂಜೆಕ್ಟರುಗಳು ಮತ್ತು ಗಾಳಿಯ ಸೆನ್ಸರು ಮೂರನ್ನೂ ಪರೀಕ್ಷಿಸಬೇಕು.

ಇಲ್ಲೊಂದು ಸೂಕ್ಷ್ಮವುಂಟು. ನಮ್ಮ ಅನೇಕ ಸಣ್ಣ ಕಾರುಗಳಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರಿರದೆ, ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಸೆನ್ಸರಿರುತ್ತದೆ. ಅಂತಹ ಗಾಡಿಯಲ್ಲಿ ನುಸುಳಿದ ಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ ಸೋರಿಕೆಯ ಮೊದಲ ಗುರುತು ಟ್ರಿಮ್ ಅಲ್ಲ. ನಿಂತಲ್ಲಿ ಎಂಜಿನಿನ ವೇಗ ಏರಿ ಕುಳಿತಿರುವುದೇ ಗುರುತು.

ಕಾಸಿಲ್ಲದ ಪರೀಕ್ಷೆ ಮೊದಲು

ಹುಡುಕುವ ಕೆಲಸ ಖರ್ಚಿಲ್ಲದ ಕಡೆಯಿಂದ ಆರಂಭವಾಗಬೇಕು. ಮೊದಲನೆಯದಾಗಿ ರಬ್ಬರು ಕೊಳವೆಗಳು. ಏರ್ ಫಿಲ್ಟರಿನಿಂದ ಎಂಜಿನಿಗೆ ಹೋಗುವ ದಪ್ಪ ಕೊಳವೆಯ ಮಡಿಕೆಗಳನ್ನು ಅಗಲಿಸಿ ನೋಡಬೇಕು. ಕ್ರ್ಯಾಂಕ್‌ಕೇಸಿನ ಆವಿಯನ್ನು ಒಯ್ಯುವ ಸಣ್ಣ ಕೊಳವೆಗಳ ಅಡಿಭಾಗವನ್ನು ಬೆರಳಿನಿಂದ ತಡವಬೇಕು. ಒಂದು ತೆಳ್ಳನೆಯ ರಬ್ಬರು ನಳಿಗೆಯ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಅತ್ತಿತ್ತ ಆಡಿಸಿದರೆ ಸೋರುವೆಡೆಯ ಸುಯ್ಯೆಂಬ ಸದ್ದು ಸ್ಪಷ್ಟವಾಗುತ್ತದೆ. ಗ್ಯಾಸಿನ ಸೋರಿಕೆಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವ ಉಪಾಯ ಇಲ್ಲಿ ನಡೆಯದು; ಏಕೆಂದರೆ ಇಲ್ಲಿ ಗಾಳಿ ಹೊರಬರುವುದಿಲ್ಲ, ಒಳಹೋಗುತ್ತದೆ. ಗ್ಯಾರೇಜಿನಲ್ಲಿ ಹೊಗೆ ತುಂಬಿಸಿ ನೋಡುವ ಯಂತ್ರವಿದ್ದರೆ ಅದೇ ಉತ್ತಮ. ಕಾರ್ಬುರೇಟರು ತೊಳೆಯುವ ದ್ರವವನ್ನು ಓಡುವ ಎಂಜಿನಿನ ಮೇಲೆ ಸಿಂಪಡಿಸಿ ನೋಡುವ ಪದ್ಧತಿ ನಮ್ಮಲ್ಲಿ ಬಳಕೆಯಲ್ಲಿದೆ. ಅದು ಬಿಸಿ ಹೊಗೆಕೊಳವೆಗೆ ತಗುಲಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ವಾಚಕರು ಅದಕ್ಕೆ ಕೈಹಾಕಬಾರದೆಂದು ಒತ್ತಿ ಹೇಳುತ್ತೇವೆ.

ಎರಡನೆಯದಾಗಿ ಬ್ರೇಕಿನ ಬೂಸ್ಟರು. ಬ್ರೇಕನ್ನು ಹಗುರಗೊಳಿಸುವ ಈ ಸಾಧನ ಎಂಜಿನಿನ ಸೆಳೆತದಿಂದಲೇ ಕೆಲಸ ಮಾಡುತ್ತದೆ. ಅದರ ಕೊಳವೆ ಸೋರಿದರೆ ಮಿಶ್ರಣವೂ ಬಡವಾಗುತ್ತದೆ, ಬ್ರೇಕೂ ದುರ್ಬಲವಾಗುತ್ತದೆ. ಎಂಜಿನು ನಿಲ್ಲಿಸಿ ಬ್ರೇಕನ್ನು ನಾಲ್ಕೈದು ಸಲ ತುಳಿಯಿರಿ. ಪೆಡಲು ಗಟ್ಟಿಯಾದ ಮೇಲೆ ಅದನ್ನು ಒತ್ತಿಹಿಡಿದು ಎಂಜಿನು ಸ್ಟಾರ್ಟ್ ಮಾಡಿರಿ. ಪೆಡಲು ಕೊಂಚ ಕೆಳಗಿಳಿದರೆ ಸರಿ. ಇಳಿಯದಿದ್ದರೆ ಗಾಡಿಯನ್ನು ಆ ದಿನವೇ ಗ್ಯಾರೇಜಿಗೆ ತೋರಿಸತಕ್ಕದ್ದು. ಮಿಶ್ರಣದ ಚಿಂತೆ ಆಮೇಲಿನದು, ಪ್ರಾಣದ ಚಿಂತೆ ಮೊದಲಿನದು.

ಮೂರನೆಯದಾಗಿ, ಬಡ ಮಿಶ್ರಣದ ವೇಷ ತೊಟ್ಟು ಬರುವ ಬೇರೆ ದೋಷಗಳಿವೆ. ಸೆನ್ಸರಿಗಿಂತ ಮೊದಲೇ ಹೊಗೆಕೊಳವೆ ಬಿರುಕುಬಿಟ್ಟಿದ್ದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರನ್ನು ವಂಚಿಸುತ್ತದೆ. ಒಂದು ಪ್ಲಗ್ಗು ಕಿಡಿ ಬಿಡದಿದ್ದರೆ ಆ ಸಿಲಿಂಡರಿನ ಆಮ್ಲಜನಕ ಉರಿಯದೆ ಹಾಗೆಯೇ ಹೊರಬಿದ್ದು ಅದೇ ಭ್ರಮೆ ಹುಟ್ಟಿಸುತ್ತದೆ. ಇಂತಹ ಸಂದರ್ಭದಲ್ಲಿ ಪೆಟ್ರೋಲಿನ ಪಂಪು ಬದಲಾಯಿಸಿ ಫಲವೇನು?

ಇವೆಲ್ಲವೂ ಸರಿಯಿದ್ದ ಮೇಲೆಯೇ ಪೆಟ್ರೋಲಿನ ಒತ್ತಡವನ್ನು ಮಾಪಕ ಹಾಕಿ ಅಳೆಯಿಸಬೇಕು. ಸಾಮಾನ್ಯ ಇಂಜೆಕ್ಟರುಗಳ ಕಾರುಗಳಲ್ಲಿ ಅದು ಬಹುತೇಕ 3ರಿಂದ 4 ಬಾರ್ ಇರುತ್ತದೆ. ಖಚಿತ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಈ ಕೆಲಸದಲ್ಲಿ ಪೆಟ್ರೋಲು ಚಿಮ್ಮುವ ಸಂಭವವಿರುವುದರಿಂದ ಇದನ್ನು ಬಲ್ಲವರಿಗೇ ಬಿಡುವುದು ಲೇಸು.

ಒಂದು ನಿದರ್ಶನ

ನಮ್ಮ ಪರಿಚಯದ ಹೋಟೆಲು ಮಾಲಿಕರೊಬ್ಬರ ಕಾರಿಗೆ ಇದೇ ಪಿ 0171 ಗಂಟುಬಿತ್ತು. ಒಂದು ಗ್ಯಾರೇಜಿನವರು ಆಮ್ಲಜನಕದ ಸೆನ್ಸರನ್ನು ಬದಲಾಯಿಸಿದರು. ದೀಪ ಆರಿತು, ವಾರದೊಳಗೆ ಮತ್ತೆ ಹೊತ್ತಿತು. ಅನಂತರ ಇಂಜೆಕ್ಟರುಗಳನ್ನು ತೊಳೆದರು; ಆಮೇಲೆ ಪಂಪು ಹಾಕಬೇಕೆಂದರು. ಅಷ್ಟರಲ್ಲಿ ಹದಿನೆಂಟು ಸಾವಿರ ರೂಪಾಯಿಗಳು ಕರಗಿದ್ದವು. ಪಂಪಿಗೆ ಒಪ್ಪದೆ ಅವರು ಗಾಡಿಯನ್ನು ಕುರ್ಲಾದ ವೃದ್ಧ ಮಿಸ್ತ್ರಿಯೊಬ್ಬರಲ್ಲಿಗೆ ಒಯ್ದರು. ಆತ ಸ್ಪ್ಯಾನರು ಮುಟ್ಟುವ ಮೊದಲು ಟ್ರಿಮ್ ಓದಿದರು: ನಿಂತಲ್ಲಿ 22, 2500 ಸುತ್ತುಗಳಲ್ಲಿ 5. “ಪೆಟ್ರೋಲು ಸಾಕಷ್ಟು ಬರುತ್ತಿದೆ ಸಾಹೇಬ್, ಗಾಳಿ ಕದ್ದು ಬರುತ್ತಿದೆ” ಎಂದಷ್ಟೇ ಹೇಳಿ ಕ್ರ್ಯಾಂಕ್‌ಕೇಸಿನ ಆವಿಯ ಕೊಳವೆಯನ್ನು ಬಿಚ್ಚಿ ತೋರಿಸಿದರು. ಮೇಲ್ಗಡೆ ಹೊಸದರಂತಿದ್ದ ಆ ಕೊಳವೆ ಅಡಿಯಲ್ಲಿ ಒಂದು ಅಂಗುಲ ಸೀಳಿತ್ತು. ಹೊಸ ಕೊಳವೆಗೆ ತಗಲಿದ್ದು ಎರಡು ಮಸಾಲೆ ದೋಸೆಯ ಬೆಲೆ. ಹಳೆಯ ಸೆನ್ಸರು, ಹಳೆಯ ಇಂಜೆಕ್ಟರು ಎರಡೂ ನಿರಪರಾಧಿಗಳಾಗಿದ್ದುವು. ಮೊದಲಿನ ಗ್ಯಾರೇಜಿನವರಿಗೆ ದುರುದ್ದೇಶವಿತ್ತೆಂದು ನಾವು ಹೇಳಲಾರೆವು. ಅವರು ಅಳೆಯಲಿಲ್ಲ, ಊಹಿಸಿದರು. ಊಹೆಯ ಬೆಲೆಯನ್ನು ತೆತ್ತವರು ಮಾತ್ರ ಗಿರಾಕಿಗಳು.

ಎಥನಾಲಿನ ಹೊಸ ಮಾತು

ಈಚಿನ ದಿನಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖ ಸೇರಿಕೊಂಡಿದೆ. ಶೇಕಡಾ 20 ಎಥನಾಲು ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರಲ್ಲಿ ದೇಶವು ಆ ಪ್ರಮಾಣವನ್ನು ಮುಟ್ಟಿತು. ಕಬ್ಬು ಬೆಳೆಯುವ ಮಹಾರಾಷ್ಟ್ರ, ಕರ್ನಾಟಕಗಳಿಗೆ ಇದರಿಂದ ಅನುಕೂಲವುಂಟು. ಆದರೆ ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿರುವುದರಿಂದ ಅದರ ಒಂದು ತೂಕಕ್ಕೆ 9 ತೂಕ ಗಾಳಿ ಸಾಕು. ಶೇಕಡಾ 20ರ ಮಿಶ್ರಣಕ್ಕೆ ಬೇಕಾದುದು ಸುಮಾರು 13.5 ತೂಕ. ಅಂದರೆ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಎಂಜಿನಿಗೆ ಅದೇ ಗಾಳಿಗೆ ಶೇಕಡಾ 7, 8ರಷ್ಟು ಹೆಚ್ಚು ಇಂಧನ ಕೊಡಬೇಕಾಗುತ್ತದೆ. ಕಂಪ್ಯೂಟರುಳ್ಳ ಗಾಡಿ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಹಳೆಯ ಗಾಡಿಯ ಟ್ರಿಮ್ ಕೆಲವು ಅಂಕಿ ಏರಿದ್ದರೆ ಅದೆಲ್ಲವೂ ರೋಗವೆಂದು ಹೆದರಬೇಕಾಗಿಲ್ಲ. ಆದರೆ ಮೊದಲೇ ಒಂದು ಕೊಳವೆ ಸೋರುತ್ತಿದ್ದರೆ ಎರಡೂ ಕೂಡಿ ಮಿತಿಯನ್ನು ದಾಟಿಸುತ್ತವೆ. ಕಾರ್ಬುರೇಟರಿನ ಗಾಡಿಗಾದರೋ ತಿದ್ದಿಕೊಳ್ಳುವ ಬುದ್ಧಿಯಿಲ್ಲ. ಅದರ ಜೆಟ್ಟನ್ನು ನುರಿತವರಿಂದ ಹೊಂದಿಸಿಕೊಳ್ಳಬೇಕು. ಪೆಟ್ರೋಲಿನ ಹಳೆಯ ರಬ್ಬರು ಕೊಳವೆಗಳನ್ನೂ ಆಗಲೇ ನೋಡಿಸಿಕೊಳ್ಳುವುದು ವಿವೇಕ.

ಸಿ.ಎನ್.ಜಿ. ಮತ್ತು ಪೆಟ್ರೋಲು ಎರಡರಲ್ಲೂ ಓಡುವ ಗಾಡಿಯವರಿಗೆ ಒಂದು ಮಾತು. ಪೆಟ್ರೋಲಿನ ಟ್ಯಾಂಕನ್ನು ಸದಾ ಬರಿದಾಗಿಡಬೇಡಿರಿ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ. ತಿಂಗಳುಗಟ್ಟಲೆ ಬಳಸದ ಇಂಜೆಕ್ಟರುಗಳಲ್ಲಿ ಅಂಟು ಕಟ್ಟುತ್ತದೆ. ವಾರಕ್ಕೊಮ್ಮೆಯಾದರೂ ಕೆಲವು ಮೈಲು ಪೆಟ್ರೋಲಿನಲ್ಲಿ ಓಡಿಸುವುದು ಒಳ್ಳೆಯದು.

ಇನ್ನು ಮುಂದೆ ಗ್ಯಾರೇಜಿನಲ್ಲಿ ಲೀನ್ ಎಂಬ ಮಾತು ಕಿವಿಗೆ ಬಿದ್ದಾಗ ವಾಚಕರು ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಲಿ. ನಿಂತಲ್ಲಿ ಟ್ರಿಮ್ ಎಷ್ಟು, 2500ರಲ್ಲಿ ಎಷ್ಟು? ಗಾಳಿಯ ಸೋರಿಕೆಯನ್ನು ನೋಡಿದಿರಾ? ಪೆಟ್ರೋಲಿನ ಒತ್ತಡವನ್ನು ಅಳೆದಿರಾ? ಮೂರಕ್ಕೂ ಅಂಕಿಯಲ್ಲಿ ಉತ್ತರ ಕೊಡುವ ಮಿಸ್ತ್ರಿ ದೊರೆತರೆ ಅವನ ಕೂಲಿಯಲ್ಲಿ ಚೌಕಾಶಿ ಮಾಡಬೇಡಿರಿ. ಮೇ ತಿಂಗಳಲ್ಲಿ ಊರಿಗೆ ಹೊರಡುವ ಮುನ್ನ ಗಾಡಿಯನ್ನು ಅವನಿಗೇ ಒಮ್ಮೆ ತೋರಿಸಿರಿ. ಉತ್ತರ ಕೊಡದೆ ಬಿಡಿಭಾಗಗಳ ಪಟ್ಟಿಯನ್ನು ಮುಂದಿಡುವವನಿದ್ದರೆ ಗಾಡಿಯ ಕೀಲಿಕೈಯನ್ನು ಕೇಳಿ ಪಡೆದುಕೊಂಡು ಹೊರಟುಬರಲು ಸಂಕೋಚಪಡಬೇಕಾಗಿಲ್ಲ.